ಆರು ಮೂಲೆ, ಒಂದೇ ಅಚ್ಚು

ಕೇಳುಗರಿಗೆಲ್ಲ ನಮಸ್ಕಾರ.

ಬಟ್ಟೆ ಮಡಚುವುದನ್ನು ರೇಡಿಯೋದಲ್ಲಿ ಹೇಳಿಕೊಡುವುದು ಸ್ವಲ್ಪ ತಮಾಷೆಯೇ. ನನ್ನ ಕೈ ನಿಮಗೆ ಕಾಣುವುದಿಲ್ಲ, ನಿಮ್ಮ ಕೈ ನನಗೆ ಕಾಣುವುದಿಲ್ಲ. ಪರವಾಗಿಲ್ಲ. ಹತ್ತಿರದಲ್ಲಿ ಒಂದು ಹಳೇ ಕಾಗದ ಇದ್ದರೆ ಎತ್ತಿಕೊಳ್ಳಿ. ನಾನು ಹೇಳುತ್ತಾ ಹೋಗುತ್ತೇನೆ, ನೀವು ಮಡಚುತ್ತಾ ಹೋಗಿ. ಮನೆಯಲ್ಲಿ ಚೀಲದ ತುಂಬ ತುಂಡು ಬಟ್ಟೆ ಕೂಡಿಟ್ಟುಕೊಂಡು, "ಇದರಿಂದ ಏನಾದರೂ ಮಾಡಬೇಕು" ಅಂತ ಅಂದುಕೊಳ್ಳುತ್ತಲೇ ಇರುತ್ತೀರಲ್ಲ, ಈ ಮಾತು ನಿಮಗೇ.

ಇವತ್ತಿನ ವಿಷಯ ಮಡಿಕೆಯ ಷಟ್ಕೋನ. ಆರು ಮೂಲೆಯ ಬಟ್ಟೆಯ ನಡುವೆ ತೆಳ್ಳಗೆ ಹತ್ತಿ ಪದರ ಇಡುವುದು. ಬಟ್ಟೆಯ ಮೂಲೆಗಳನ್ನು ಒಂದೊಂದಾಗಿ ನಡುವಿಗೆ ಮಡಚಿ ತರುವುದು. ಕೊನೆಗೆ ಆರೇ ಮೂಲೆಯ ಚಿಕ್ಕ ಬಿಲ್ಲೆಯೊಂದು ಸಿಗುತ್ತದೆ. ಅಂಥ ಬಿಲ್ಲೆಗಳನ್ನು ಒಂದಕ್ಕೊಂದು ಹೊಲಿದರೆ ಕೌದಿ. ಇದಕ್ಕೆ ಬೇರೆ ಅಸ್ತರು ಬೇಡ, ಹೊಲಿಗೆ ಯಂತ್ರ ಬೇಡ. ಬಿಲ್ಲೆ ಎರಡು ಕಡೆಯಿಂದಲೂ ಚೆಂದವಾಗಿ ಮುಗಿದಿರುತ್ತದೆ. ಕೈಚೀಲದಲ್ಲಿಟ್ಟುಕೊಂಡು ಎಲ್ಲಿ ಕೂತರೂ ಮಾಡಬಹುದು.

ನಾನು ಇವತ್ತು ಬಂದಿರುವುದು ಒಂದೇ ಒಂದು ಮಾತು ಹೇಳಲಿಕ್ಕೆ. ಬೇರೆಲ್ಲ ಮರೆತರೂ ಇದನ್ನು ಮರೆಯಬೇಡಿ. ಗಟ್ಟಿ ರಟ್ಟಿನಲ್ಲಿ ಒಂದು ಅಚ್ಚು ಮಾಡಿಕೊಳ್ಳಿ. ಎಲ್ಲ ಬಟ್ಟೆಯನ್ನೂ ಆ ಅಚ್ಚಿನಿಂದಲೇ ಕತ್ತರಿಸಿ. ಕತ್ತರಿಸಿದ ಬಟ್ಟೆಯನ್ನು ಇನ್ನೊಂದು ಬಟ್ಟೆಯ ಮೇಲಿಟ್ಟು ಗುರುತು ಹಾಕಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಅದಕ್ಕೊಂದು ಕಥೆಯೇ ಇದೆ.

ಮೊದಲು, ಆರು ಮೂಲೆಯೇ ಯಾಕೆ? ಬದಿಗಳೆಲ್ಲ ಸಮ, ಮೂಲೆಗಳೆಲ್ಲ ಸಮ ಇರುವ ಆಕಾರಗಳಲ್ಲಿ, ತನ್ನಷ್ಟಕ್ಕೆ ತಾನೇ ಸಂದು ಬಿಡದೆ ಜೋಡಿಯಾಗುವುದು ಮೂರೇ ಮೂರು. ತ್ರಿಕೋನ, ಚೌಕ, ಷಟ್ಕೋನ. ಐದು ಮೂಲೆಯದನ್ನು ಜೋಡಿಸಿ ನೋಡಿ, ಸಂದು ಉಳಿದೇ ಉಳಿಯುತ್ತದೆ. ಎಂಟು ಮೂಲೆಯದರಲ್ಲಿ ನಡುನಡುವೆ ಚೌಕದ ತೂತು ಬೀಳುತ್ತದೆ. ಜೇನುಹುಳ ಕಟ್ಟುವುದೂ ಆರು ಮೂಲೆಯನ್ನೇ, ಅಲ್ವಾ? ಜಾಗವನ್ನು ಸಮ ವಿಸ್ತೀರ್ಣದ ಕೋಣೆಗಳಾಗಿ ಹಂಚುವಾಗ ಗೋಡೆ ಅತಿ ಕಡಿಮೆ ಸಾಕಾಗುವುದು ಷಟ್ಕೋನದಲ್ಲಿ ಅಂತ ಗಣಿತಜ್ಞ ಥಾಮಸ್ ಹೇಲ್ಸ್ 1999ರಲ್ಲಿ ಸಾಧಿಸಿ ತೋರಿಸಿದರು. ನಮ್ಮ ಲೆಕ್ಕದಲ್ಲಿ ಗೋಡೆ ಅಂದರೆ ಹೊಲಿಗೆ. ಅಷ್ಟೇ ಅಗಲದ ಕೌದಿ, ಹೊಲಿಗೆ ಕಡಿಮೆ. ನನಗಂತೂ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಷಟ್ಕೋನದ ಕೌದಿ ಹೊಸದೇನಲ್ಲ. ಅಮೆರಿಕದ ಗೋಡೀಸ್ ಲೇಡೀಸ್ ಬುಕ್ ಎಂಬ ಪತ್ರಿಕೆ 1835ರಲ್ಲೇ ಇದರ ನಮೂನೆ ಪ್ರಕಟಿಸಿತ್ತು. ಇಂಗ್ಲೆಂಡಿನಲ್ಲಿ ಅದಕ್ಕೂ ಮೊದಲಿನಿಂದ ಕಾಗದದ ತುಂಡಿನ ಮೇಲೆ ಬಟ್ಟೆ ಸುತ್ತಿ, ಅಂಚಿಗೆ ಅಂಚು ಸೇರಿಸಿ ಹೊಲಿಯುತ್ತಿದ್ದರು. ಅದು ಮಡಿಕೆಯ ಕೆಲಸವಲ್ಲ, ಆದರೆ ಅಕ್ಕತಂಗಿಯಷ್ಟು ಹತ್ತಿರ. ಕೆಲವು ಹಳೇ ಕೌದಿಗಳ ಒಳಗೆ ಆ ಕಾಗದ ಈಗಲೂ ಹಾಗೇ ಉಳಿದಿದೆ. ಯಾರದೋ ಪತ್ರ, ಲೆಕ್ಕದ ಹಾಳೆ, ಪತ್ರಿಕೆಯ ಚೂರು. ಅದರ ಮೇಲಿನ ತಾರೀಖು ನೋಡಿ ಕೌದಿ ಯಾವ ಕಾಲದ್ದು ಅಂತ ಅಂದಾಜು ಮಾಡುತ್ತಾರೆ. ಆದರೆ ನೀವು ಗಮನಿಸಬೇಕಾದ್ದು ಬೇರೆ. ಕಾಗದಕ್ಕೆ ಅಷ್ಟೊಂದು ಬರ ಇದ್ದ ಕಾಲದಲ್ಲೂ ಅವರು ಪ್ರತಿ ತುಂಡಿಗೂ ಒಂದೊಂದು ಕಾಗದ ಕತ್ತರಿಸಿದರು. ಬಟ್ಟೆ ಎಳೆದರೆ ಹಿಗ್ಗುತ್ತದೆ, ಕಾಗದ ಹಿಗ್ಗುವುದಿಲ್ಲ. ಅಳತೆಯ ವಿಷಯದಲ್ಲಿ ಅವರು ಬಟ್ಟೆಯನ್ನು ನಂಬಲಿಲ್ಲ. ನೀವೂ ನಂಬಬೇಡಿ.

ಈಗ ಆ ಕಾಗದ ತೆಗೆದುಕೊಳ್ಳಿ. ಒಂದು ಡಬ್ಬಿ ಮುಚ್ಚಳ ಇಟ್ಟು ಸುತ್ತ ಗೆರೆ ಎಳೆದು ದುಂಡಗೆ ಕತ್ತರಿಸಿ. ಎರಡು ಸಲ ಅರ್ಧಕ್ಕೆ ಮಡಚಿ ಬಿಚ್ಚಿ. ಗೆರೆಗಳು ಕೂಡುವ ಜಾಗವೇ ನಡು, ಅಲ್ಲೊಂದು ಚುಕ್ಕಿ ಇಡಿ. ದುಂಡನೆಯ ಅಂಚನ್ನು ಎಲ್ಲಿಂದಾದರೂ ಹಿಡಿದು ಆ ಚುಕ್ಕಿಗೆ ಮುಟ್ಟಿಸಿ ಮಡಚಿ. ಒಂದು ನೇರ ಬದಿ ಬಂತು. ಅದರ ಎರಡು ತುದಿಯಲ್ಲಿ ಎರಡು ಮೂಲೆ ಇವೆ. ಬಲಗಡೆಯ ಮೂಲೆಯನ್ನು ನಡುವಿಗೆ ತಂದು ಮಡಚಿ. ಅಲ್ಲೊಂದು ಹೊಸ ಮೂಲೆ ಹುಟ್ಟಿತು. ಅದನ್ನೂ ನಡುವಿಗೆ ತನ್ನಿ. ಹೀಗೇ ಒಂದೇ ದಿಕ್ಕಿನಲ್ಲಿ ಸುತ್ತುತ್ತಾ ಹೋಗಿ. ಆರನೇ ಮಡಿಕೆಗೆ ನೀವು ಶುರು ಮಾಡಿದಲ್ಲಿಗೇ ಬಂದಿರುತ್ತೀರಿ. ಕೈಯಲ್ಲಿ ಷಟ್ಕೋನ ಇದೆ. ಅಳೆದದ್ದೂ ಇಲ್ಲ, ಲೆಕ್ಕ ಹಾಕಿದ್ದೂ ಇಲ್ಲ. ನಾನು ಇದನ್ನು ಎಷ್ಟು ಸಲ ಮಾಡಿದರೂ ಕೊನೆಯ ಮಡಿಕೆ ಕೂತಾಗ ಖುಷಿಯಾಗುತ್ತದೆ.

ಕಾಗದದಲ್ಲಿ ಬಂದದ್ದು ಬಟ್ಟೆಯಲ್ಲೂ ಬರುತ್ತದೆ. ಆದರೆ ದುಂಡನೆಯ ಅಂಚನ್ನು ಒಳಗೆ ಮಡಚಿ ಇಸ್ತ್ರಿ ಮಾಡುವುದು ಕಷ್ಟ, ನೆರಿಗೆ ಬೀಳುತ್ತದೆ. ಅದಕ್ಕೇ ಬಟ್ಟೆಗೆ ಷಟ್ಕೋನದಿಂದಲೇ ಶುರು ಮಾಡುವುದು. ಮಡಚುವ ರೀತಿ ಅದೇ. ಮೂಲೆ ಮೊದಲೇ ಸಿದ್ಧ ಇರುವುದರಿಂದ ಇನ್ನೂ ಸುಲಭ.

ಅಚ್ಚು ಎರಡು ಬೇಕು. ಬಟ್ಟೆಗೆ ದೊಡ್ಡದು, ಹತ್ತಿಗೆ ಚಿಕ್ಕದು. ಕೈವಾರವನ್ನು 9 ಸೆಂಟಿಮೀಟರಿಗೆ ಬಿಚ್ಚಿ ರಟ್ಟಿನ ಮೇಲೆ ವೃತ್ತ ಎಳೆಯಿರಿ. ಕೈವಾರವನ್ನು ಅಲುಗಿಸದೆ, ಅದೇ ಅಳತೆಯಲ್ಲಿ ವೃತ್ತದ ಮೇಲೆ ಒಂದಾದ ಮೇಲೊಂದು ಗುರುತು ಹಾಕುತ್ತಾ ಹೋಗಿ. ಸರಿಯಾಗಿ ಆರು ಗುರುತಿಗೆ ಸುತ್ತು ಮುಗಿಯುತ್ತದೆ. ಸ್ಕೇಲಿನಿಂದ ಗುರುತುಗಳನ್ನು ಸೇರಿಸಿ. ಇದು ದೊಡ್ಡ ಅಚ್ಚು. ಇದೇ ಥರ 5 ಸೆಂಟಿಮೀಟರಿಗೆ ಇನ್ನೊಂದು ಎಳೆದರೆ ಚಿಕ್ಕ ಅಚ್ಚು. ಬೇರೆ ಅಳತೆ ಬೇಕೇ? ದೊಡ್ಡ ಅಚ್ಚಿನ ಒಂದು ಬದಿ ಎಷ್ಟೋ, ಮಡಚಿದ ಬಿಲ್ಲೆಯ ಎದುರುಬದುರು ಬದಿಗಳ ನಡುವಿನ ಅಗಲವೂ ಅಷ್ಟೇ. 9ರ ಬದಿ ಇದ್ದರೆ 9ರ ಅಗಲದ ಬಿಲ್ಲೆ. ಹತ್ತಿ ಅದಕ್ಕಿಂತ ಒಂದು ಚೂರು ಚಿಕ್ಕದಿರಬೇಕು, ಇಲ್ಲದಿದ್ದರೆ ಅಂಚು ಉಬ್ಬುತ್ತದೆ.

ರಟ್ಟನ್ನು ಚೂಪಾದ ಬ್ಲೇಡಿನಿಂದ ಸ್ಕೇಲು ಇಟ್ಟು ಕತ್ತರಿಸಿ, ಕತ್ತರಿ ಬೇಡ. ಪ್ಲಾಸ್ಟಿಕ್ ಹಾಳೆಯೂ ಬೇಡ, ಇಸ್ತ್ರಿ ತಾಗಿದರೆ ಕರಗುತ್ತದೆ. ಇನ್ನೊಂದು ವಿಷಯ. ಪೆನ್ಸಿಲ್ ತಾಗಿ ತಾಗಿ ರಟ್ಟಿನ ಅಂಚೂ ಸವೆಯುತ್ತದೆ. ಆದ್ದರಿಂದ ಮೊದಲ ಅಚ್ಚನ್ನು ಲಕೋಟೆಯಲ್ಲಿ ಹಾಕಿ ಎತ್ತಿಡಿ. ಅದರಿಂದ ಇನ್ನೊಂದು ಮಾಡಿಕೊಂಡು ಅದನ್ನು ಬಳಸಿ. ಸವೆದರೆ ಮತ್ತೆ ಮೊದಲನೆಯದರಿಂದಲೇ ಇನ್ನೊಂದು ಮಾಡಿ.

ಈಗ ಕಥೆ. ಅಕ್ಕ ತಂಗಿ ಇಬ್ಬರು ನನ್ನ ತರಗತಿಗೆ ಬರುತ್ತಿದ್ದರು. ಮನೆಗೆ ಬರಲಿದ್ದ ಮಗುವಿಗೆ ಅಂತ ಜೊತೆಯಾಗಿ ಕೌದಿ ಶುರು ಮಾಡಿದರು. ಅಕ್ಕ ಕತ್ತರಿಸುವುದು, ತಂಗಿ ಮಡಚುವುದು. ಒಂದು ದಿನ ಇಬ್ಬರೂ ಮುಖ ಊದಿಸಿಕೊಂಡು ಬಂದು ನನ್ನ ಮುಂದೆ ಒಂದು ಚೀಲ ಸುರಿದರು. "ನೋಡಿ ಮೇಡಂ, ಇವಳಿಗೆ ಮಡಚೋಕೆ ತಾಳ್ಮೆನೇ ಇಲ್ಲ. ಒಂದಕ್ಕೂ ಒಂದು ಕೂಡ್ತಾ ಇಲ್ಲ," ಅಂತ ಅಕ್ಕ. "ನಾನು ಸರಿಯಾಗೇ ಮಡಚಿದೀನಿ. ಅಕ್ಕ ಕತ್ತರಿಸಿದ್ದೇ ಒಂದೊಂದು ಒಂದೊಂದು ಥರ," ಅಂತ ತಂಗಿ. ಹೊಲಿದಿದ್ದಷ್ಟು ಭಾಗವನ್ನು ಮೇಜಿನ ಮೇಲೆ ಹರಡಿದೆ. ಒಂದು ಕಡೆ ಬಟ್ಟೆ ಬಟ್ಟಲಿನ ಹಾಗೆ ಗುಳಿ ಬಿದ್ದಿತ್ತು. ಇನ್ನೊಂದು ಕಡೆ ಅಲೆ ಅಲೆಯಾಗಿ ಎದ್ದಿತ್ತು. ಕೈಯಿಂದ ಒತ್ತಿದರೆ ಒಂದು ಕಡೆ ಕೂರುತ್ತದೆ, ಇನ್ನೊಂದು ಕಡೆ ಏಳುತ್ತದೆ.

ಇದು ಯಾಕೆ ಆಗುತ್ತದೆ ಅಂದರೆ, ಷಟ್ಕೋನದ ಪ್ರತಿ ಮೂಲೆ 120 ಡಿಗ್ರಿ. ಮೂರು ಬಿಲ್ಲೆ ಒಂದು ಕಡೆ ಕೂಡಿದಾಗ 360, ಪೂರ್ತಿ ಒಂದು ಸುತ್ತು. ಆಗ ಬಟ್ಟೆ ಸಪಾಟಾಗಿ ಮಲಗುತ್ತದೆ. ಮೂಲೆಗಳು 118, 118, 118 ಆದರೆ ಸುತ್ತು ತುಂಬುವುದಿಲ್ಲ, ಗುಳಿ ಬೀಳುತ್ತದೆ. 122 ಆದರೆ ಜಾಸ್ತಿಯಾದದ್ದಕ್ಕೆ ಜಾಗ ಇಲ್ಲ, ಮೇಲೇಳುತ್ತದೆ.

ನಾನು ಇಬ್ಬರ ಮಾತನ್ನೂ ಕೇಳಲಿಲ್ಲ. ಇನ್ನೂ ಮಡಚದೆ ಇದ್ದ ತುಂಡುಗಳನ್ನು ತೆಗೆದುಕೊಂಡು, ಒಂದು ಬದಿಯನ್ನು ಸಮ ಮಾಡಿ ಒಂದರ ಮೇಲೊಂದು ಪೇರಿಸಿದೆ. ಎದುರು ಬದಿ ನೋಡಿದರೆ ಪ್ರತಿಯೊಂದೂ ಕೆಳಗಿನದಕ್ಕಿಂತ ಚೂರು ಚೂರೇ ಹೊರಗೆ ಚಾಚಿತ್ತು. ಎಲ್ಲಕ್ಕಿಂತ ಕೆಳಗಿನದಕ್ಕೂ ಮೇಲಿನದಕ್ಕೂ ಹೆಬ್ಬೆರಳಿನಷ್ಟು ವ್ಯತ್ಯಾಸ! ಅಂಚಿನ ಉದ್ದಕ್ಕೂ ಪೆನ್ಸಿಲ್ ಗೆರೆ ಬಟ್ಟೆಯಲ್ಲೇ ಉಳಿದುಕೊಂಡಿತ್ತು. "ಅಚ್ಚು ಎಲ್ಲಿ?" ಅಂತ ಕೇಳಿದೆ. ಅಕ್ಕ ತಂಗಿಯ ಮುಖ ನೋಡಿದರು, ತಂಗಿ ನೆಲ ನೋಡಿದರು. ಅಚ್ಚು ಮೊದಲ ವಾರವೇ ಎಲ್ಲೋ ಹೋಗಿತ್ತು. ಅಕ್ಕ ಕೊನೆಗೆ ಕತ್ತರಿಸಿದ ಬಟ್ಟೆಯನ್ನೇ ಇಟ್ಟು ಮುಂದಿನದಕ್ಕೆ ಗೆರೆ ಎಳೆದಿದ್ದರು. ಅದನ್ನಿಟ್ಟು ಅದರ ಮುಂದಿನದಕ್ಕೆ. ಅಂಚು ಮಡಚುವಾಗ ತಂಗಿಗೂ ರಟ್ಟು ಇರಲಿಲ್ಲ, ಕಣ್ಣಂದಾಜು.

ಲೆಕ್ಕ ನೋಡಿ. ಪೆನ್ಸಿಲ್ ಗೆರೆ ಬೀಳುವುದು ಅಚ್ಚಿನ ಹೊರಗೆ. ಗೆರೆಯ ದಪ್ಪ ಅರ್ಧ ಮಿಲಿಮೀಟರ್ ಅಂತ ಇಟ್ಟುಕೊಳ್ಳಿ. ಒಂದೇ ರಟ್ಟಿನಿಂದ ಎಲ್ಲ ಕತ್ತರಿಸಿದರೆ ಎಲ್ಲವೂ ಅರ್ಧ ಮಿಲಿಮೀಟರ್ ದೊಡ್ಡದು. ಎಲ್ಲ ಒಂದೇ ಅಳತೆ, ಏನೂ ತೊಂದರೆ ಇಲ್ಲ. ಬಟ್ಟೆಯಿಂದ ಬಟ್ಟೆಗೆ ಹೋದರೆ ಅರ್ಧಕ್ಕೆ ಅರ್ಧ ಸೇರುತ್ತಾ ಇಪ್ಪತ್ತನೆಯದರ ಹೊತ್ತಿಗೆ ಪ್ರತಿ ಬದಿಯಲ್ಲೂ ಒಂದು ಸೆಂಟಿಮೀಟರ್. ಸುಮ್ನೆ ಅಲ್ಲ ನಾನು ಹಟ ಹಿಡಿಯುವುದು.

ಪುಣ್ಯಕ್ಕೆ ತುಂಡುಗಳೆಲ್ಲ ದೊಡ್ಡದಾಗಿದ್ದವು, ಚಿಕ್ಕದಾಗಿರಲಿಲ್ಲ. ಹೊಸ ಅಚ್ಚು ಮಾಡಿದೆವು. ಹೊಲಿದದ್ದನ್ನು ಬಿಚ್ಚಿ, ಇಸ್ತ್ರಿ ಮಾಡಿ, ಅಚ್ಚಿಟ್ಟು ಮತ್ತೆ ಕತ್ತರಿಸಿದರು. ಎಲ್ಲ ಉಳಿಯಿತು. ಇಬ್ಬರ ಜಗಳ ಮಾತ್ರ ಪೂರ್ತಿ ಮುಗಿಯಲಿಲ್ಲ. "ತಪ್ಪು ನಂದಲ್ಲ ಮೇಡಂ, ಪೆನ್ಸಿಲ್‌ದು," ಅಂತ ಅಕ್ಕ ಈಗಲೂ ಹೇಳುತ್ತಾರೆ. ಅರ್ಧ ನಿಜವೇ!

ಕಥೆ ಉದ್ದವಾಯಿತು. ಗಡಿಯಾರ ನೋಡಿದರೆ ಉಳಿದದ್ದನ್ನು ಓಡಿಸಿಕೊಂಡು ಹೇಳಬೇಕು.

ಬಟ್ಟೆ ತೆಳ್ಳನೆಯ ಶುದ್ಧ ಹತ್ತಿಯದ್ದಾಗಿರಲಿ. ಪಾಲಿಯೆಸ್ಟರ್ ಬೇಡ, ಮಡಿಕೆ ನಿಲ್ಲುವುದಿಲ್ಲ. ಹೊಸ ಬಟ್ಟೆಯಾದರೆ ಮೊದಲೇ ಒಗೆದು ಒಣಗಿಸಿ. ಆಮೇಲೆ ಕುಗ್ಗುವುದು, ಬಣ್ಣ ಬಿಡುವುದು ಇರಬಾರದು. ತೆಳ್ಳಗೆ ಗಂಜಿ ಹಾಕಿದರೆ ಇನ್ನೂ ಒಳ್ಳೆಯದು. ಮಡಚಿದ ಬಿಲ್ಲೆಗೆ ಅದರ ಮೂರು ಪಟ್ಟು ಬಟ್ಟೆ ಹೋಗುತ್ತದೆ, ಆದ್ದರಿಂದ ಮೊದಲ ಸಲಕ್ಕೇ ಮಂಚದ ಹೊದಿಕೆಗೆ ಕೈ ಹಾಕಬೇಡಿ. ಒಂದು ದಿಂಬಿನ ಹೊದಿಕೆ ಮಾಡಿ.

ಬಟ್ಟೆಯ ಒಳಮೈ ಮೇಲೆ ಬರುವ ಹಾಗೆ ಹರಡಿ. ಅಚ್ಚಿಟ್ಟು ಗೆರೆ ಎಳೆದು, ಗೆರೆಯಿಂದ ಮುಕ್ಕಾಲು ಸೆಂಟಿಮೀಟರ್ ಹೊರಗೆ ಕತ್ತರಿಸಿ. ಅಚ್ಚನ್ನು ಅಲ್ಲೇ ಇಟ್ಟು, ಹೆಚ್ಚುವರಿ ಅಂಚನ್ನು ಅದರ ಮೇಲೆ ಮಡಚಿ ಇಸ್ತ್ರಿ ಒತ್ತಿ. ಗಮನಿಸಿದಿರಾ? ಅಚ್ಚು ಎರಡನೇ ಸಲ ಕೆಲಸಕ್ಕೆ ಬಂತು. ಈಗ ರಟ್ಟು ತೆಗೆದು ನಡುವೆ ಹತ್ತಿ ಇಡಿ. ಹತ್ತಿಯ ಬದಿಗಳು ಬಟ್ಟೆಯ ಮೂಲೆಗಳಿಗೆ ಎದುರಾಗಬೇಕು. ಮೂಲೆಗೆ ಮೂಲೆ ಇಟ್ಟರೆ ಹೊಂದುವುದಿಲ್ಲ. ಆಮೇಲೆ ಕಾಗದದಲ್ಲಿ ಮಾಡಿದ ಹಾಗೇ ಒಂದೊಂದು ಮೂಲೆಯನ್ನು ನಡುವಿಗೆ ತನ್ನಿ. ಕೊನೆಯ ಮಡಿಕೆಯಲ್ಲಿ ಮಾತ್ರ ಒಂದು ಕೆಲಸ ಇದೆ. ಮೊದಲ ಮಡಿಕೆಯನ್ನು ಸ್ವಲ್ಪ ಎತ್ತಿ, ಆರನೆಯದರ ಅರ್ಧವನ್ನು ಅದರ ಕೆಳಗೆ ತೂರಿಸಿ. ಆಗ ಆರು ಎಸಳೂ ಒಂದರ ಮೇಲೊಂದು ಒಂದೇ ದಿಕ್ಕಿಗೆ ವಾಲಿ ಕೂರುತ್ತವೆ. ಜೋಡಿ ದಾರದಲ್ಲಿ ನಡುವಿಗೆ ಹಿಂದಿನಿಂದ ಮುಂದಕ್ಕೆ ನಾಲ್ಕೈದು ಹೊಲಿಗೆ ಹಾಕಿ ಬಿಗಿಯಿರಿ. ಎಲ್ಲ ಬಿಲ್ಲೆಯನ್ನೂ ಒಂದೇ ದಿಕ್ಕಿಗೆ ಮಡಚಿ. ಎಡಗೈಯವರು ಎಡಕ್ಕೇ ಸುತ್ತಿ, ಆದರೆ ಕೊನೆಯವರೆಗೂ ಎಡಕ್ಕೇ.

ಜೋಡಿಸುವಾಗ ಎರಡು ಬಿಲ್ಲೆಗಳ ಎಸಳಿನ ಮೈ ಮುಖಾಮುಖಿ ಮಾಡಿ, ಅಂಚಿನ ಮೇಲೆ ಸುತ್ತಿ ಸುತ್ತಿ ಒತ್ತೊತ್ತಾಗಿ ಹೊಲಿಯಿರಿ. ಸೂಜಿ ಅಂಚಿನ ಎರಡು ಮೂರು ಎಳೆ ಮಾತ್ರ ಕಚ್ಚಿದರೆ ಸಾಕು, ಹತ್ತಿಯವರೆಗೆ ಹೋಗುವುದು ಬೇಡ. ಮೂಲೆಯಲ್ಲಿ ಎರಡು ಹೊಲಿಗೆ ಜಾಸ್ತಿ ಹಾಕಿ, ಮೊದಲು ಬಿಚ್ಚುವುದು ಅಲ್ಲೇ.

ಬಣ್ಣ ನಿಮಗೆ ಬಿಟ್ಟದ್ದು. ಲೆಕ್ಕ ಮಾತ್ರ ಹೇಳುತ್ತೇನೆ, ಬರೆದುಕೊಳ್ಳಿ. ನಡುವೆ ಒಂದು ಬಿಲ್ಲೆ ಇಟ್ಟರೆ ಅದರ ಸುತ್ತ 6 ಬೇಕು. ಅದರ ಸುತ್ತ 12, ಅದರ ಸುತ್ತ 18. ಮೂರು ಸುತ್ತಿಗೆ ಒಟ್ಟು 37 ಬಿಲ್ಲೆ. ಆ 37ನ್ನೂ ಒಂದೇ ಅಚ್ಚಿನಿಂದ ಕತ್ತರಿಸಿ. ಅಂಗಡಿಯಿಂದ ತಂದ ಷರ್ಟಿನ ಒಳಗೆ ಇರುತ್ತದಲ್ಲ, ಆ ರಟ್ಟು ಇದಕ್ಕೆ ಚೆನ್ನಾಗಿ ಆಗುತ್ತದೆ. ಮುಂದಿನ ಸಲ ಬಿಸಾಡಬೇಡಿ.

ನಮಸ್ಕಾರ.