ಅಮ್ಮನ ಬಟ್ಟೆ ಚೀಲ

ಕೇಳುಗರಿಗೆ ನಮಸ್ಕಾರ.

1994ರ ಮಾತು. ಮುಂಬೈ ಹತ್ತಿರದ ಡೊಂಬಿವಲಿಯ ಚಾಳಿನಲ್ಲಿ ಒಂದೇ ಕೋಣೆ, ಅಮ್ಮ ಮತ್ತು ನಾನು. ಅಮ್ಮ ಉದ್ದಿನ ಹಪ್ಪಳ ಮಾಡಿ ಮಾರುತ್ತಿದ್ದಳು. ಕುಂದಾಪುರಕ್ಕೆ ಹೋಗಿಬರಲೆಂದು ಅಕ್ಕಿ ಡಬ್ಬದಲ್ಲಿ ದುಡ್ಡು ಕೂಡಿಟ್ಟಿದ್ದಳು. ನಾನು ಮಾಟುಂಗದ ಒಂದು ಹೋಟೆಲಿನಲ್ಲಿ ಸಪ್ಲಾಯರ್. ಜೊತೆಗೆ ಮಟ್ಕಾ ಜೂಜಿನ ಹುಚ್ಚು.

ಮಟ್ಕಾ ಹುಟ್ಟಿದ್ದೇ ಮುಂಬೈಯಲ್ಲಿ. ಮೊದಲು ನ್ಯೂಯಾರ್ಕಿನಿಂದ ಬರುತ್ತಿದ್ದ ಹತ್ತಿ ದರದ ಮೇಲೆ ದುಡ್ಡು ಕಟ್ಟುತ್ತಿದ್ದರಂತೆ. 1961ರಲ್ಲಿ ಅದು ನಿಂತಿತು. ಆಮೇಲೆ ಮಡಕೆಯಿಂದ ಚೀಟಿ ಎತ್ತತೊಡಗಿದರು. ಎಲ್ಲಿಯ ನ್ಯೂಯಾರ್ಕಿನ ಹತ್ತಿ, ಎಲ್ಲಿಯ ನಮ್ಮಮ್ಮನ ಹಪ್ಪಳ! ಓಪನ್, ಕ್ಲೋಸ್ ಅಂತ ಆಡಿ ಒಂದೇ ವಾರದಲ್ಲಿ ಡಬ್ಬ ಬರಿದು ಮಾಡಿದೆ.

ಅಮ್ಮ ಬೈಯಲಿಲ್ಲ. ಡಬ್ಬ ತೊಳೆದು ಬಿಸಿಲಿಗೆ ಕವುಚಿಟ್ಟಳು. ಹಳೇ ಸೀರೆಯ ತುಂಡಿನಿಂದ ಚೀಲವೊಂದನ್ನು ಹೊಲಿದು ಸೊಂಟಕ್ಕೆ ಕಟ್ಟಿಕೊಂಡಳು. ಮಲಗುವಾಗಲೂ ಅದು ಸೊಂಟದಲ್ಲೇ. ನಾನು ಕಾಲಿಗೆ ಬಿದ್ದು ಆಣೆ ಹಾಕಿದೆ. “ಆಣೆ ಎಲ್ಲ ಬೇಡ. ಅನ್ನ ಆರುತ್ತೆ, ಉಣ್ಣು” ಅಂದಳು.

ಅವತ್ತಿನಿಂದ ಸಂಬಳದ ಕವರನ್ನು ಒಡೆಯದೆ ತಂದುಕೊಟ್ಟೆ. ಲೋಕಲ್ ಪಾಸಿಗೆ ಇಷ್ಟು, ಚಹಾಕ್ಕೆ ಇಷ್ಟು ಅಂತ ಎಣಿಸಿ ಕೊಡುತ್ತಿದ್ದಳು. ಟಿಪ್ಸಿನ ಚಿಲ್ಲರೆಯನ್ನೂ ಕರವಸ್ತ್ರದಲ್ಲಿ ಕಟ್ಟಿ ತರುತ್ತಿದ್ದೆ. ಕಡಿಮೆಯಿದ್ದರೆ ಮುಖ ನೋಡುತ್ತಿದ್ದಳು. ಜಾಸ್ತಿಯಿದ್ದರೆ, “ಇಷ್ಟು ಎಲ್ಲಿಂದ ಬಂತು?” ಸಹಜ ಅಲ್ವಾ?

ಹೀಗೇ ನಾಲ್ಕು ವರ್ಷ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಯಿತು. ಇಬ್ಬರಿಗೂ ಕುಂದಾಪುರಕ್ಕೆ ಟಿಕೆಟ್ ಮಾಡಿಸಿದೆ. ಅಮ್ಮ ಟಿಕೆಟನ್ನು ಪಕ್ಕದ ಮನೆಗೆ ಒಯ್ದು, ಅಸಲಿಯೋ ಅಂತ ಓದಿಸಿಕೊಂಡು ಬಂದಳು. ನನಗೆ ನಗು ಬಂತು, ನಗಲಿಲ್ಲ.

ಕುರ್ಲಾದಲ್ಲಿ ಹತ್ತಿದೆವು. ಬುತ್ತಿಯ ಚಿತ್ರಾನ್ನ ಮುಗಿಯುವಾಗ ರತ್ನಾಗಿರಿಗಿಂತ ಮೊದಲಿನ ಕರ್ಬುಡೆ ಸುರಂಗ ಬಂತು. 6.5 ಕಿಲೋಮೀಟರ್. ಕಿವಿ ಗುಂಯ್ ಅನ್ನುವಷ್ಟು ಸದ್ದು. ಅಮ್ಮ ಸೊಂಟದ ಚೀಲವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದಳು. ಸುರಂಗ ದಾಟಿ ಸ್ವಲ್ಪ ಹೊತ್ತಿಗೆ ಎದ್ದಳು. ಗಂಟು ಬಿಚ್ಚಿದಳು.

“ಇದನ್ನು ಹಿಡ್ಕೊ ಮಗಾ, ಕೈ ತೊಳ್ಕೊಂಡು ಬರ್ತೇನೆ.”

ಚೀಲ ಬೆಚ್ಚಗಿತ್ತು. ತೊಡೆಯ ಮೇಲಿಟ್ಟು ಸುಮ್ನೆ ಕೂತೆ. ಅಮ್ಮ ಬಂದಳು, ಸೆರಗಿಗೆ ಕೈ ಒರೆಸಿಕೊಂಡಳು, ಚೀಲ ತೆಗೆದುಕೊಂಡು ನನ್ನೆದುರೇ ನೋಟು ಎಣಿಸಿದಳು. ಮತ್ತೆ ಸೊಂಟಕ್ಕೆ ಕಟ್ಟಲಿಲ್ಲ. ನಮ್ಮಿಬ್ಬರ ನಡುವೆ ಸೀಟಿನ ಮೇಲಿಟ್ಟು, ಕಿಟಕಿಗೆ ಒರಗಿ ಕಣ್ಣು ಮುಚ್ಚಿದಳು.