ಯುಗಾದಿ ದಿನ ಕಳೆದುಹೋದ ಒಂದು ಗಂಟೆ

ಎಲ್ಲರಿಗೂ ನಮಸ್ಕಾರ. ಈಗ ಕಾಣುತ್ತಿರುವುದು ನಮ್ಮ ಬಸ್ ಸ್ಟಾಪು. ಊರು ಲೀಡ್ಸ್, ಉತ್ತರ ಇಂಗ್ಲೆಂಡಿನ ಯಾರ್ಕ್‌ಶೈರ್. ಟೈಮ್ ಬೆಳಗ್ಗೆ 7 ಗಂಟೆ 10 ನಿಮಿಷ. ಬೆಳಕಿದೆ, ಅಲ್ವಾ? ಇದೇ ಜಾಗದಲ್ಲಿ ಜನವರಿಯಲ್ಲಿ ತೆಗೆದ ಶಾಟ್ ಹಾಕುತ್ತೇನೆ, ಇರಿ. ಹಾಂ, ಇದೇ. ಕ್ಯಾಮೆರಾ ಕೆಟ್ಟಿಲ್ಲ. ಅದೇ ಸ್ಟಾಪು, ಅದೇ ಟೈಮು. ಆ ಕಪ್ಪಿನೊಳಗೆ ಎಲ್ಲೋ ನಾನಿದ್ದೇನೆ.

ಹೊಸಬರಿಗೆ ಹೇಳಿಬಿಡುತ್ತೇನೆ. ದಾವಣಗೆರೆಯಲ್ಲಿ 11 ವರ್ಷ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸಿದವಳು ನಾನು. ಇಂಗ್ಲೆಂಡಿನಲ್ಲಿ ಫಿಸಿಕ್ಸ್ ಕಲಿಸುವವರು ಸಾಲುತ್ತಿಲ್ಲ. 2023ರಿಂದ ಭಾರತದ ವಿಜ್ಞಾನ, ಗಣಿತ, ಭಾಷೆ ಟೀಚರ್‌ಗಳೂ ಇಲ್ಲಿನ ಟೀಚರ್ ಅರ್ಹತೆಗೆ ನೇರವಾಗಿ ಅರ್ಜಿ ಹಾಕಬಹುದು. ಹಾಕಿದೆ. 2024ರ ಸೆಪ್ಟೆಂಬರ್‌ಗೆ ಬಂದೆ.

ಶಾಲೆಯ ಒಳಗಿನ ಒಂದು ಶಾಟ್ ಕೂಡ ಇರಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಮಕ್ಕಳನ್ನು ವಿಡಿಯೋ ಮಾಡುವ ಹಾಗಿಲ್ಲ. ನನ್ನ ಟಿಫಿನ್ ಬಾಕ್ಸ್ ನೋಡಿಕೊಂಡೇ ಕೇಳಿ.

ಮೊದಲ ವಾರ ಕಾರಿಡಾರ್‌ನಲ್ಲಿ ಒಬ್ಬ ಹುಡುಗ 'ಆಲ್‌ರೈಟ್, ಮಿಸ್?' ಅಂದ. ಪಾಪ, ಎಷ್ಟು ಕಾಳಜಿ ಅಂದುಕೊಂಡು ನಿಂತೆ. ನಿದ್ದೆ ಸರಿ ಆಗಿಲ್ಲಪ್ಪ, ಚಳಿ ಜಾಸ್ತಿ ಅಂತ ಹೇಳುವಷ್ಟರಲ್ಲಿ ಅವನು ಮೆಟ್ಟಿಲು ಇಳಿದಾಗಿತ್ತು. ಅದು ಪ್ರಶ್ನೆ ಅಲ್ಲ, ನಮಸ್ಕಾರ ಅಷ್ಟೇ. ನಮ್ಮ 'ಊಟ ಆಯ್ತಾ' ಇದೆಯಲ್ಲ, ಹಾಗೆ. ಇನ್ನು ಇಲ್ಲಿಯವರ ಬಾಯಲ್ಲಿ ಬಸ್ಸು 'ಬುಸ್' ಆಗುತ್ತದೆ. ಬುಸ್ ಲೇಟು ಮಿಸ್, ಬುಸ್ ಬರಲೇ ಇಲ್ಲ ಮಿಸ್. ನನಗೆ ಪ್ರತಿ ಸಲ ಹಾವೇ ಕಣ್ಣಮುಂದೆ ಬರುತ್ತದೆ.

ಆದರೆ ನನ್ನನ್ನು ನಿಜಕ್ಕೂ ಬಗ್ಗಿಸಿದ್ದು ಕತ್ತಲು. ಭೂಮಿಯ ಅಕ್ಷ 23.5 ಡಿಗ್ರಿ ವಾಲಿದೆ, ಅದರಿಂದಲೇ ಋತುಗಳು ಅಂತ ಎಷ್ಟು ಬ್ಯಾಚಿಗೆ ಹೇಳಿದ್ದೇನೋ. ಗ್ಲೋಬ್ ಮುರಿದ ವರ್ಷ ಮೂಸಂಬಿಗೆ ಕಡ್ಡಿ ಚುಚ್ಚಿ ತೋರಿಸಿದ್ದೆ. ಹೇಳಿದ್ದೆ ಅಷ್ಟೇ. ದಾವಣಗೆರೆಯಲ್ಲಿ ವರ್ಷದ ಉದ್ದನೆಯ ಹಗಲಿಗೂ ಗಿಡ್ಡ ಹಗಲಿಗೂ ವ್ಯತ್ಯಾಸ ಸುಮಾರು ಒಂದೂಮುಕ್ಕಾಲು ಗಂಟೆ. ಯಾರಿಗೆ ಗೊತ್ತಾಗುತ್ತೆ? ಇಲ್ಲಿ ಜೂನ್‌ನಲ್ಲಿ ಹಗಲು 17 ಗಂಟೆ, ಡಿಸೆಂಬರ್‌ನಲ್ಲಿ ಬರೀ ಏಳೂವರೆ. ಮಧ್ಯಾಹ್ನ ಮೂರೂಮುಕ್ಕಾಲಿಗೆ ಸೂರ್ಯ ಮುಳುಗಿಬಿಡುತ್ತಿದ್ದ. ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುವುದು. ಒಂದು ದಿನ ಲ್ಯಾಬ್ ಪಕ್ಕದ ಸಾಮಾನಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅತ್ತಿದ್ದೇನೆ. ಕಾರಣ ಕೇಳಿದರೆ ನನ್ನ ಹತ್ತಿರ ಇರಲಿಲ್ಲ. ಆ ಮೂಸಂಬಿಯ ಕಡ್ಡಿಯೇ ಇರಬೇಕು.

ಮಾರ್ಚ್‌ಗೆ ಎಲ್ಲ ಉಲ್ಟಾ. ದಿನಕ್ಕೆ ನಾಲ್ಕು ನಿಮಿಷದ ಹಾಗೆ ಹಗಲು ಬೆಳೆಯುತ್ತದೆ. ವಾರಕ್ಕೆ ಹೆಚ್ಚುಕಡಿಮೆ ಅರ್ಧ ಗಂಟೆ! ಇದು ಡ್ಯಾಫೊಡಿಲ್, ಹಳದಿ ಹೂವು, ರಸ್ತೆ ಬದಿಯ ಹುಲ್ಲಿನಲ್ಲೆಲ್ಲ ಇದೆ. ಅಂಗಡಿಯಲ್ಲಿ ಮೊಗ್ಗಿದ್ದಾಗಲೇ ಕಟ್ಟು ಕಟ್ಟಿ ಮಾರುತ್ತಾರೆ. ಹಸಿರು ಈರುಳ್ಳಿ ಅಂದುಕೊಂಡು ಪಲ್ಯಕ್ಕೆ ಎರಡು ಕಟ್ಟು ತೆಗೆದುಕೊಂಡಿದ್ದೆ. ಕೌಂಟರ್‌ನಲ್ಲಿದ್ದ ಹುಡುಗಿ 'ಹೂದಾನಿ ಇದೆಯಾ' ಅಂತ ಕೇಳಿದ್ದಕ್ಕೆ ಬದುಕಿಕೊಂಡೆ. ಅದನ್ನು ತಿಂದರೆ ವಿಷ.

ಈಗ ಹಿತ್ತಲಿಗೆ ಬನ್ನಿ. 2025ರ ಮಾರ್ಚ್ 29, ಶನಿವಾರ, ಅಮಾವಾಸ್ಯೆ. ಇಲ್ಲಿ ಪಾರ್ಶ್ವ ಸೂರ್ಯಗ್ರಹಣ. ಹತ್ತು ದಾಟಿದ ಮೇಲೆ ಶುರುವಾಗಿ ಹನ್ನೆರಡರ ಹೊತ್ತಿಗೆ ಬಿಡುತ್ತದೆ. ಗ್ರಹಣ ಭಾರತದಲ್ಲಿ ಕಾಣುವುದಿಲ್ಲ, ಹಾಗಾಗಿ ಊರಲ್ಲಿ ಆಚರಣೆ ಇಲ್ಲ. ಅಮ್ಮನ ಲೆಕ್ಕವೇ ಬೇರೆ: 'ನಮಗಿಲ್ಲ ಕಣೇ, ಆದ್ರೆ ನಿನಗೆ ಕಾಣುತ್ತಲ್ಲ, ಬಿಡೋವರೆಗೂ ಏನೂ ತಿನ್ನಬೇಡ.' ಆಗಲೇ ಎರಡು ದೋಸೆ ಆಗಿತ್ತು. ಹೇಳಲಿಲ್ಲ.

ಇದು ಪಾಸ್ತಾ ಬಸಿಯುವ ತೂತಿನ ಪಾತ್ರೆ, ಮನೆ ಓನರ್‌ದು. ಸೂರ್ಯನಿಗೆ ಬೆನ್ನು ಹಾಕಿ ನಿಂತು ಇದನ್ನು ಸೊಂಟದ ಎತ್ತರಕ್ಕೆ ಹಿಡಿದಿದ್ದೇನೆ. ನೆಲದ ಮೇಲೆ ಬಿಳಿ ಹಾಳೆ. ಮೋಡ ಸರಿಯಲಿ... ಬಂತು, ನೋಡಿ! ಪ್ರತಿ ತೂತಿಗೂ ಒಬ್ಬೊಬ್ಬ ಸೂರ್ಯ. ಎಲ್ಲರಿಗೂ ಒಂದೇ ಕಡೆ ಒಂದು ತುಂಡು ಇಲ್ಲ. ತಟ್ಟೆ ತುಂಬ ಒಬ್ಬಟ್ಟು ಜೋಡಿಸಿಟ್ಟರೆ ಯಾವುದೋ ತುಂಟ ಮಗು ಒಂದೊಂದನ್ನೂ ಕಚ್ಚಿಟ್ಟು ಹೋದ ಹಾಗೆ. ಕೈ ನಡುಗಿದರೆ ಅಷ್ಟೂ ಒಬ್ಬಟ್ಟು ಒಟ್ಟಿಗೆ ನಡುಗುತ್ತವೆ. ಪೆನ್ಸಿಲ್‌ನಲ್ಲಿ ಗುರುತು ಹಾಕಲು ಹೋದೆ, ಪಾತ್ರೆ ಬಿತ್ತು. ಅದೂ ರೆಕಾರ್ಡ್ ಆಗಿದೆ, ನಕ್ಕುಬಿಡಿ.

ಮಾರನೇ ದಿನ ಭಾನುವಾರ, ಮಾರ್ಚ್ 30, ಯುಗಾದಿ. ಅದೇ ದಿನ ಬೆಳಗಿನ ಜಾವ ಇಲ್ಲಿ, ಬೇಸಿಗೆಯ ಸಂಜೆಗೆ ಬೆಳಕು ಜಾಸ್ತಿ ಸಿಗಲಿ ಅಂತ, ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಅಕ್ಟೋಬರ್‌ನಲ್ಲಿ ಮತ್ತೆ ಹಿಂದಕ್ಕೆ. ಒಂದು ಆದ ಮೇಲೆ ಎರಡಾಗಲು ಗಂಟೆ ಕಾಯಬೇಕಾಗಿಲ್ಲ, ನೇರ ಎರಡು. ಅಮ್ಮ ಯಾವಾಗಲೂ ಫೋನ್ ಮಾಡುವುದು ಅಡುಗೆ ಮುಗಿಸಿ, ಅಲ್ಲಿ ಹನ್ನೊಂದೂವರೆಗೆ. ನನಗೆ ಬೆಳಗ್ಗೆ ಆರು. ಅವತ್ತು ಫೋನ್ ಬಂದಾಗ ಏಳು.

'ಎಣ್ಣೆ ಸ್ನಾನ ಆಯ್ತೇನೇ?'

'ಇಲ್ಲಮ್ಮ, ಒಂದು ಗಂಟೆ ಕಮ್ಮಿ ಬಂತು.'

'ಎಲ್ಲಿಗೆ ಹೋಯ್ತು?'

ಅಕ್ಷಾಂಶ, ಬೇಸಿಗೆ, ಬೆಳಕಿನ ಉಳಿತಾಯ ಎಲ್ಲ ವಿವರಿಸಿದೆ. ಸುಮ್ನೆ ಕೇಳಿಸಿಕೊಂಡರು. ಆಮೇಲೆ, 'ಹಬ್ಬದ ದಿನವೇ ತಗೋಬೇಕಿತ್ತಾ ಅವರು?' ಅಂದರು.

ಬೇವು ಬಂದಿದ್ದು ಊರಿನಿಂದಲೇ. ಹೋದ ವರ್ಷದ ಹೂವು ಒಣಗಿಸಿ, ಬರುವಾಗ ಸೂಟ್‌ಕೇಸಿಗೆ ಹಾಕಿಕೊಟ್ಟಿದ್ದರು. ಮಾವಿನೆಲೆ ಇಲ್ಲ. ಆ ಎರಡು ಕಟ್ಟು ಡ್ಯಾಫೊಡಿಲ್ ಅರಳಿತ್ತು, ಚೊಂಬಿಗೆ ಹಾಕಿ ದೇವರ ಫೋಟೋ ಮುಂದೆ ಇಟ್ಟೆ. ಸಂಜೆ ಏಳೂವರೆಗೂ ಕಿಟಕಿಯಲ್ಲಿ ಬೆಳಕು. ದೀಪ ಹಚ್ಚಲು ಕತ್ತಲಾಗಲಿ ಅಂತ ಕಾಯುವ ಪರಿಸ್ಥಿತಿ.

ಸೋಮವಾರ ಹಾಳೆಯನ್ನು ಕ್ಲಾಸಿಗೆ ಒಯ್ದೆ. ಈದ್‌ಗೆ ರಜೆ ಹಾಕಿದವರ ಬೆಂಚುಗಳು ಖಾಲಿ. ಶನಿವಾರದ ಗ್ರಹಣ, ನನ್ನ ಯುಗಾದಿ, ಅವರ ಈದ್, ಮೂರೂ ಒಂದೇ ಅಮಾವಾಸ್ಯೆಯ ಲೆಕ್ಕ ಅಂತ ಬೋರ್ಡಿನ ಮೇಲೆ ಚಿತ್ರ ಬರೆದೆ. ಹಿಂದಿನ ಸಾಲಿನಲ್ಲಿ ಯಾವಾಗಲೂ ತಲೆ ಮಲಗಿಸಿರುವ ಹುಡುಗಿ ತಲೆ ಎತ್ತಿ, 'ಮಿಸ್, ಒಬ್ಬಟ್ಟು ತಂದಿದ್ದೀರಾ?' ಅಂದಳು. ತಂದಿರಲಿಲ್ಲ.

ಕೊನೆಯ ಶಾಟ್, ಓವನ್ ಗಡಿಯಾರ. ಇನ್ನೂ ಒಂದು ಗಂಟೆ ಹಿಂದಿದೆ. ಯಾವ ಬಟನ್ ಒತ್ತಿದರೂ ಬದಲಾಗುತ್ತಿಲ್ಲ. ಪಕ್ಕದ ಮನೆ ಅಜ್ಜಿಯನ್ನು ಕರೆದು ತೋರಿಸಿದೆ. ನಮ್ಮನೆಯದೂ ಹಾಗೇ ಇದೆ, ಬಿಡು, ಅಕ್ಟೋಬರ್‌ಗೆ ತಾನೇ ಸರಿಹೋಗುತ್ತೆ ಅಂದರು.