ಧಾರವಾಡದ ವಿಶ್ವವಿದ್ಯಾಲಯ: ಬೆಳೆದ ಬಗೆ, ಹಂಚಿಹೋದ ಬಗೆ

ಕೇಳುಗರೆಲ್ಲರಿಗೂ ನಮಸ್ಕಾರ.

1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದಾಗ ಅಲ್ಲಿ ಓದಿದವರಿಗೆ ಪದವಿ ಕೊಡುತ್ತಿದ್ದದ್ದು ಮುಂಬಯಿ ವಿಶ್ವವಿದ್ಯಾಲಯ. ಈ ಸೀಮೆಗೆ ತನ್ನದೇ ಒಂದು ವಿಶ್ವವಿದ್ಯಾಲಯ ಬೇಕೆಂಬ ಹಂಬಲ ಕೈಗೂಡಿದ್ದು 1949ರಲ್ಲಿ, ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ. ಅದೂ ಮೊದಲು ಮುಂಬಯಿಯಲ್ಲೇ ಕಚೇರಿ ತೆರೆದು, ಅದೇ ವರ್ಷ ಧಾರವಾಡಕ್ಕೆ ಬಂದಿತು.

1954ರಿಂದ 1967ರವರೆಗೆ ಕುಲಪತಿಗಳಾಗಿದ್ದ ಡಿ. ಸಿ. ಪಾವಟೆಯವರು ಗಣಿತಜ್ಞರು, ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯನ್ನು ನಡೆಸಿ ಆಡಳಿತದ ಒಳಹೊರಗನ್ನು ಬಲ್ಲವರು. ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವ ಕಚೇರಿಯಾಗಿ ಉಳಿದುಬಿಡಬಹುದಾಗಿದ್ದ ಸಂಸ್ಥೆ, ಸ್ನಾತಕೋತ್ತರ ಬೋಧನೆ ಮತ್ತು ಸಂಶೋಧನೆಯ ನೆಲೆಯಾಗಿ ರೂಪುಗೊಂಡದ್ದು ಅವರ ಕಾಲದಲ್ಲಿ. ಇಂದು ಆ ಆವರಣವನ್ನು ಪಾವಟೆನಗರವೆಂದೇ ಕರೆಯುತ್ತಾರೆ.

1956ರ ರಾಜ್ಯ ಪುನರ್ವಿಂಗಡಣೆಯಿಂದ ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಲಬುರಗಿ, ಬೀದರ್, ರಾಯಚೂರುಗಳ ಕಾಲೇಜುಗಳೂ ಧಾರವಾಡದ ವ್ಯಾಪ್ತಿಗೆ ಸೇರಿದವು. ವ್ಯಾಪ್ತಿ ಹಿಗ್ಗಿದಂತೆ ದೂರವೂ ಹೆಚ್ಚಿತು. ಅಂಕಪಟ್ಟಿಯಲ್ಲಿ ತಂದೆಯ ಹೆಸರು ತಪ್ಪಾಗಿ ಅಚ್ಚಾದರೆ, ಅದನ್ನು ತಿದ್ದಿಸಲು ಬೀದರಿನ ವಿದ್ಯಾರ್ಥಿ 400 ಕಿಲೋಮೀಟರಿಗೂ ಹೆಚ್ಚು ದೂರದ ಕಚೇರಿಗೆ ಅರ್ಜಿ ಹಾಕಬೇಕು. ಅಂಚೆಯಲ್ಲಿ ಕೆಲಸವಾಗದಿದ್ದರೆ ತಾನೇ ಹೊರಡಬೇಕು. ಕಲಬುರಗಿಯ ಸ್ನಾತಕೋತ್ತರ ಕೇಂದ್ರ 1980ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾದುದರ ಹಿಂದೆ ಪ್ರಾದೇಶಿಕ ಅಭಿಮಾನದಷ್ಟೇ ಇಂಥ ದಿನನಿತ್ಯದ ಅಡಚಣೆಗಳ ಒತ್ತಡವೂ ಇತ್ತೆಂಬುದು ನನ್ನ ಎಣಿಕೆ.

ಆಮೇಲಿನ ಹಂಚಿಕೆ ಪ್ರದೇಶವೊಂದನ್ನೇ ನೋಡಿ ಆದದ್ದಲ್ಲ. 1996ರಲ್ಲಿ ಆರಂಭವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ವೈದ್ಯಕೀಯ ಕಾಲೇಜುಗಳೂ, 1998ರಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಎಂಜಿನಿಯರಿಂಗ್ ಕಾಲೇಜುಗಳೂ ಹೋದವು. 2010ರಲ್ಲಿ ಬೆಳಗಾವಿಯ ಸ್ನಾತಕೋತ್ತರ ಕೇಂದ್ರವೇ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾಯಿತು. ಈಚೆಗೆ ಹಾವೇರಿಗೂ ಬೇರೆ ವಿಶ್ವವಿದ್ಯಾಲಯ ಬಂದಿದೆ.

ಹೊಸ ವಿಶ್ವವಿದ್ಯಾಲಯದ ಉದ್ಘಾಟನೆಯ ದಿನ ಯಾರೂ ಎತ್ತದ ಲೆಕ್ಕವೊಂದಿದೆ. ಸಂಯೋಜಿತ ಕಾಲೇಜುಗಳು, ಅಂದರೆ ವಿಶ್ವವಿದ್ಯಾಲಯದ ಮಾನ್ಯತೆ ಪಡೆದು ಅದರ ಪರೀಕ್ಷೆಗೆ ವಿದ್ಯಾರ್ಥಿಗಳನ್ನು ಕೂರಿಸುವ ಕಾಲೇಜುಗಳು, ಬೇರೆಯಾದಾಗ ಅವುಗಳ ಸಂಯೋಜನಾ ಶುಲ್ಕವೂ ಪರೀಕ್ಷಾ ಶುಲ್ಕವೂ ಅವುಗಳ ಜೊತೆಯಲ್ಲೇ ಹೋಗುತ್ತವೆ. ಆದರೆ ಹಳೆಯ ಕಟ್ಟಡಗಳ ದುರಸ್ತಿ, ಗ್ರಂಥಾಲಯದ ನಿರ್ವಹಣೆ, ದಶಕಗಳ ಕಾಲ ದುಡಿದು ನಿವೃತ್ತರಾದವರ ಪಿಂಚಣಿಯ ಹೊಣೆ ಹಳೆಯ ಸಂಸ್ಥೆಯ ತಲೆಯ ಮೇಲೇ ಉಳಿಯುತ್ತವೆ. ಇತ್ತ ಹೊಸ ಸಂಸ್ಥೆಗೆ ಕಾಯಂ ಅಧ್ಯಾಪಕರ ಹುದ್ದೆಗಳು ಸಾಕಷ್ಟು ಮಂಜೂರಾಗದೆ, ಪಾಠವೆಲ್ಲ ಅತಿಥಿ ಉಪನ್ಯಾಸಕರ ಮೇಲೆ ಬೀಳುತ್ತದೆ. ಹೀಗೆ ಮನೆ ಪಾಲಾದರೂ ಸಾಲ ಮಾತ್ರ ಪಾಲಾಗುವುದಿಲ್ಲ.

ಆದ್ದರಿಂದ ಇನ್ನು ಮುಂದೆ ಯಾವ ವಿಶ್ವವಿದ್ಯಾಲಯವನ್ನು ವಿಭಜಿಸುವುದಾದರೂ ಯಾವ ಕಾಲೇಜು ಯಾರಿಗೆ ಎಂಬ ಪಟ್ಟಿಯ ಜೊತೆಗೆ, ಪಿಂಚಣಿಯ ಹಣ ಎಲ್ಲಿಂದ ಬರಬೇಕು, ಅಧ್ಯಾಪಕರ ಎಷ್ಟು ಹುದ್ದೆಗಳು ಯಾವ ವಿಭಾಗಕ್ಕೆ ಎಂಬುದನ್ನೂ ಅದೇ ಆದೇಶದಲ್ಲಿ ನಮೂದಿಸಬೇಕು. ನಮಸ್ಕಾರ.